ಇಳಿಜಾರಿನ ಮೇಲೆ ನಿಂತು ಗಾಲ್ಫ್ ಆಡುವುದು ಹೇಗೆ: ಬಳ್ಳಾರಿ ಸೀಮೆಯ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಗಾಲ್ಫ್ ಕಲಿಯುವಾಗ ನಾವೆಲ್ಲ ನಿಲ್ಲುವುದು ಸಪಾಟಾದ ಮ್ಯಾಟ್ ಮೇಲೆ. ಬಳ್ಳಾರಿ, ತೋರಣಗಲ್ಲು, ಕೊಪ್ಪಳ, ರಾಯಚೂರಿನ ಕಡೆ ನನಗೆ ಗೊತ್ತಿರುವ ಆಟಗಾರರೆಲ್ಲ ಮನೆ ಹಿತ್ತಲಲ್ಲಿ ಬಲೆ ಕಟ್ಟಿಕೊಂಡೋ, ಬೆಂಗಳೂರಿಗೆ ಹೋದಾಗ ಡ್ರೈವಿಂಗ್ ರೇಂಜ್‌ನಲ್ಲಿ ಒಂದೆರಡು ಬುಟ್ಟಿ ಚೆಂಡು ಹೊಡೆದೋ ಕೈ ಕುದುರಿಸಿಕೊಂಡವರು. ಸ್ವಿಂಗ್ ಚೆನ್ನಾಗಿ ಕೂತಿರುತ್ತದೆ. ಆಮೇಲೆ ರಜೆಗೆಂದು ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಿ ಗುಡ್ಡಗಾಡಿನ ಕೋರ್ಸ್‌ನಲ್ಲಿ ನಿಂತಾಗ, ಅದೇ ಸ್ವಿಂಗ್ ಕೈಕೊಡುತ್ತದೆ. ಒಂದು ಚೆಂಡು ಎಡಕ್ಕೆ ಪೊದೆಯೊಳಗೆ, ಇನ್ನೊಂದು ತಲೆಗೆ ಪೆಟ್ಟು ತಿಂದು ನೆಲದ ಮೇಲೆ ಉರುಳುತ್ತಾ ಹೋಗುತ್ತದೆ. ‘ಇವತ್ತು ಸ್ವಿಂಗ್ ಸರಿ ಇಲ್ಲ’ ಅಂದುಕೊಂಡು ಅದನ್ನೇ ತಿದ್ದಲು ಹೊರಡುತ್ತೇವೆ. ಆದರೆ ಸ್ವಿಂಗ್ ಸರಿಯಾಗೇ ಇತ್ತು, ಕಾಲಡಿಯ ನೆಲ ಬೇರೆಯಾಗಿತ್ತು ಅಷ್ಟೆ.

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಚೆಂಡು ಯಾವ ಕಡೆ ಹೋಗಬೇಕು, ಎಷ್ಟು ಎತ್ತರಕ್ಕೆ ಏಳಬೇಕು ಎಂಬುದರಲ್ಲಿ ಅರ್ಧ ಭಾಗವನ್ನು ಇಳಿಜಾರು ಮೊದಲೇ ತೀರ್ಮಾನಿಸಿರುತ್ತದೆ. ಅದರೊಂದಿಗೆ ಗುದ್ದಾಡಬಾರದು. ಮೈಯನ್ನು ನೆಲಕ್ಕೆ ಹೊಂದಿಸಿ, ನೆಲ ಏನು ಮಾಡುತ್ತದೆಂದು ಲೆಕ್ಕ ಹಾಕಿ, ಗುರಿಯನ್ನು ಅದಕ್ಕೆ ತಕ್ಕಂತೆ ಸರಿಸಿ ಆಡಬೇಕು. ಅದನ್ನು ಕಲಿಯಲು ನಮ್ಮಲ್ಲಿ ನೆಲಕ್ಕೇನೂ ಬರವಿಲ್ಲ. ಸಂಡೂರಿನ ಸುತ್ತ ಗುಡ್ಡದ ಸಾಲುಗಳಿವೆ, ಕೊಪ್ಪಳ ಗಂಗಾವತಿ ಕಡೆ ಬಂಡೆಗಳ ನಡುವೆ ಏರುತಗ್ಗಿನ ಬಯಲಿದೆ, ರಾಯಚೂರು ಸಿರುಗುಪ್ಪದ ಎರೆ ಬಯಲು ಎಷ್ಟೇ ಸಪಾಟಾದರೂ ಹೊಲಕ್ಕೊಂದು ಒಡ್ಡು ಇದ್ದೇ ಇರುತ್ತದೆ.

ಇಲ್ಲಿರುವ ಎಡ, ಬಲ ಎಲ್ಲವೂ ಬಲಗೈ ಆಟಗಾರರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಮೊದಲು ಕಾರಣ ಕಣ್ಣಾರೆ ನೋಡಿ

ಪಿಚಿಂಗ್ ವೆಡ್ಜ್ (ಸಣ್ಣ ದೂರಕ್ಕೆ ಬಳಸುವ ಕ್ಲಬ್) ಒಂದನ್ನು ಕೈಗೆ ತೆಗೆದುಕೊಳ್ಳಿ. ಅದರ ಫೇಸ್, ಅಂದರೆ ಚೆಂಡಿಗೆ ತಾಗುವ ಮುಖದ ಮಧ್ಯಕ್ಕೆ ಒಂದು ಊದುಬತ್ತಿಯ ಕಡ್ಡಿಯನ್ನು ಸ್ವಲ್ಪ ಮೇಣದಿಂದ, ಫೇಸ್‌ಗೆ ನೇರ ಲಂಬವಾಗಿ ನಿಲ್ಲುವಂತೆ ಅಂಟಿಸಿ. ಕ್ಲಬ್ಬನ್ನು ಮಾಮೂಲಿಯಂತೆ ನೆಲಕ್ಕಿಟ್ಟರೆ ಕಡ್ಡಿ ಗುರಿಯ ಕಡೆಗೇ, ಆದರೆ ಮೇಲ್ಮುಖವಾಗಿ ತೋರಿಸುತ್ತದೆ. ಈಗ ಹಿಡಿಕೆಯನ್ನು ಕೆಳಗಿಳಿಸಿ, ಕ್ಲಬ್ಬಿನ ಟೋ ಅಂದರೆ ಮೂತಿಯ ತುದಿ ಮೇಲೇಳುವಂತೆ ಮಾಡಿ. ಫೇಸನ್ನು ನೀವು ತಿರುಗಿಸಿಲ್ಲ, ಕೆಳಗಿನ ಅಂಚು ಇನ್ನೂ ಗುರಿಗೆ ನೇರವಾಗೇ ಇದೆ. ಆದರೂ ಕಡ್ಡಿ ಎಡಕ್ಕೆ ವಾಲಿತು. ಹಿಡಿಕೆ ಮೇಲೆತ್ತಿ ಹೀಲ್, ಅಂದರೆ ಮೂತಿಯ ಬುಡ ಎದ್ದು ಟೋ ಕೆಳಗಾಗುವಂತೆ ಮಾಡಿದರೆ ಕಡ್ಡಿ ಬಲಕ್ಕೆ ಹೋಗುತ್ತದೆ. ಇದೇ ಪರೀಕ್ಷೆಯನ್ನು ಫೇಸ್ ಬಹುತೇಕ ನೆಟ್ಟಗಿರುವ ಡ್ರೈವರ್‌ನಲ್ಲಿ ಮಾಡಿದರೆ ಕಡ್ಡಿ ಅಲುಗಿದ್ದೇ ತಿಳಿಯುವುದಿಲ್ಲ.

ಇಳಿಜಾರಿನಲ್ಲಿ ನಡೆಯುವುದು ಇದೇ. ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, ಹೆಚ್ಚಿದ್ದಷ್ಟೂ ದಿಕ್ಕು ಹೆಚ್ಚು ತಪ್ಪುತ್ತದೆ. ನೆಲ 5 ಡಿಗ್ರಿ ಓರೆಯಾಗಿದೆ, ಕ್ಲಬ್ಬಿನ ತಳ ನೆಲಕ್ಕೆ ಸಪಾಟಾಗಿ ಕೂತಿದೆ ಎಂದುಕೊಳ್ಳಿ. 5 ಡಿಗ್ರಿ ಎಂದರೆ ಒಂದು ಮೀಟರ್ ಅಗಲಕ್ಕೆ ಸುಮಾರು 9 ಸೆಂಟಿಮೀಟರ್ ಏರು, ಕಣ್ಣಿಗೆ ಏನೂ ಅನ್ನಿಸದಷ್ಟು. ಅಷ್ಟಕ್ಕೇ 46 ಡಿಗ್ರಿಯ ವೆಡ್ಜ್‌ನ ಫೇಸ್ ಸುಮಾರು 5 ಡಿಗ್ರಿ ಪಕ್ಕಕ್ಕೆ ನೋಡುತ್ತದೆ, 100 ಗಜಕ್ಕೆ ಹೋಗಿ ಬೀಳುವಷ್ಟರಲ್ಲಿ ಅದು 9 ಗಜದ ವ್ಯತ್ಯಾಸ. 32 ಡಿಗ್ರಿಯ 7 ಐರನ್ (ಐರನ್ ಕ್ಲಬ್‌ಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಲಾಫ್ಟ್ ಹೆಚ್ಚು, ದೂರ ಕಡಿಮೆ) 3 ಡಿಗ್ರಿ ತಿರುಗುತ್ತದೆ, 150 ಗಜಕ್ಕೆ ಸುಮಾರು 8 ಗಜ. 10 ಡಿಗ್ರಿಯ ಡ್ರೈವರ್‌ಗೆ ಒಂದು ಡಿಗ್ರಿಯೂ ಇಲ್ಲ. ಇಳಿಜಾರಿನಲ್ಲಿ ‘ಸಣ್ಣ ಶಾಟ್ ತಾನೆ, ವೆಡ್ಜ್ ಇದೆ’ ಎಂಬ ಧೈರ್ಯ ಇದಕ್ಕೇ ಮೋಸ ಮಾಡುವುದು.

ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಟೂರ್ನಿ ನೋಡುವವರು ಅಮೆರಿಕದ ಆಗಸ್ಟಾ ಕೋರ್ಸ್‌ನ 13ನೇ ಹೋಲ್‌ನ ಎರಡನೇ ಶಾಟನ್ನು ಗಮನಿಸಿ. ಟಿವಿಯಲ್ಲಿ ನೆಲ ಸಪಾಟಾಗಿ ಕಾಣುತ್ತದೆ. ನಿಜಕ್ಕೂ ಅಲ್ಲಿ ಚೆಂಡು ಬಲಗೈ ಆಟಗಾರರ ಪಾದಕ್ಕಿಂತ ಮೇಲಿರುತ್ತದೆ, ಎಡಕ್ಕೆ ಎಳೆಯುತ್ತದೆ, ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಅಂಗಳ) ಮುಂದೆ ಹಳ್ಳ ಹರಿಯುತ್ತದೆ. ಜಗತ್ತಿನ ದೊಡ್ಡ ಆಟಗಾರರು ಅಲ್ಲಿ ಅಷ್ಟು ಹೊತ್ತು ತಮ್ಮ ಸಹಾಯಕ ಕ್ಯಾಡಿಯೊಂದಿಗೆ ಮಾತಾಡುವುದು ಸುಮ್ಮನೆ ಅಲ್ಲ.

ನೆಲವನ್ನು ಓದುವುದು

ಚೆಂಡಿನ ಹತ್ತಿರ ಹೋಗುವ ಮೊದಲು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಹತ್ತಿರದಿಂದ ಓರೆ ಗೊತ್ತಾಗುವುದಿಲ್ಲ, ಅದರಲ್ಲೂ ಸಂಡೂರಿನಂತೆ ಹಿನ್ನೆಲೆಯಲ್ಲಿ ಗುಡ್ಡವೇ ಓರೆಯಾಗಿ ನಿಂತಿರುವ ಕಡೆ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ದೂರದ ಮರದ ಬೊಡ್ಡೆಯನ್ನೋ ಕರೆಂಟಿನ ಕಂಬವನ್ನೋ ನೇರ ಗೆರೆಯಾಗಿ ಇಟ್ಟುಕೊಂಡರೆ ಓರೆ ಎದ್ದು ಕಾಣುತ್ತದೆ. ಆಮೇಲೆ ಚೆಂಡಿನ ಪಕ್ಕ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲಿ. ಭಾರ ಹಿಮ್ಮಡಿಗೆ ಹೋಯಿತೋ, ಬೆರಳಿಗೆ ಬಂತೋ, ಎಡಗಾಲಿಗೋ ಬಲಗಾಲಿಗೋ? ಪಾದ ಸುಳ್ಳು ಹೇಳುವುದಿಲ್ಲ.

ಅಭ್ಯಾಸದಲ್ಲಿ ಫೋನಿನ ಲೆವೆಲ್ ಆ್ಯಪ್ ಇಟ್ಟು ಡಿಗ್ರಿ ಅಳೆದು, ಪಾದಕ್ಕೆ ಅದು ಹೇಗನ್ನಿಸುತ್ತದೆ ಎಂದು ನೆನಪಿಟ್ಟುಕೊಳ್ಳಿ. ಸ್ಪರ್ಧೆಯ ಸುತ್ತಿನಲ್ಲಿ ಹಾಗೆ ಉಪಕರಣದಿಂದ ಇಳಿಜಾರು ಅಳೆಯಲು ನಿಯಮ ಬಿಡುವುದಿಲ್ಲ. ಆಗ ಪಾದದ ನೆನಪೇ ಅಳತೆಗೋಲು.

ಯಾವ ಇಳಿಜಾರಿಗೂ ಅನ್ವಯಿಸುವ ಸಿದ್ಧತೆ

ಕಾಲುಗಳ ನಡುವಿನ ಅಂತರ ಮಾಮೂಲಿಗಿಂತ ಒಂದು ಹಿಡಿ ಹೆಚ್ಚಿರಲಿ. ಸ್ವಿಂಗ್ ಮುಕ್ಕಾಲು ಸಾಕು, ಎಡಗೈ ನೆಲಕ್ಕೆ ಸಮಾನಾಂತರಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ. ಪೂರ್ತಿ ಬಲ ಹಾಕಿದರೆ ಇಳಿಜಾರಿನಲ್ಲಿ ಮೊದಲು ಹೋಗುವುದು ಸಮತೋಲನ, ಅದು ಹೋದ ಮೇಲೆ ಮಿಕ್ಕಿದ್ದೆಲ್ಲ ಹೋದಂತೆ. ದೂರ ಬೇಕಿದ್ದರೆ ಕ್ಲಬ್ ಬದಲಿಸಿ, ಬಲ ಹೆಚ್ಚಿಸಬೇಡಿ. ಇದನ್ನು ಒಪ್ಪಲು ಮನಸ್ಸು ಹಿಂಜರಿದರೆ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನು ನೆನೆಯಿರಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗಿಂತ ಎಷ್ಟೋ ಉದ್ದ ಹೊಡೆಯುವವರಿದ್ದರು. ಆದರೂ ಅವರು ನಾಲ್ಕನೆಯವರಾದರು, ಒಂದೇ ಒಂದು ಶಾಟ್‌ನಲ್ಲಿ ಪದಕ ತಪ್ಪಿತು.

ಎರಡನೆಯದು, ನನ್ನ ಪ್ರಕಾರ ಇಡೀ ಬರಹದಲ್ಲೇ ಅತಿ ಬೆಲೆಬಾಳುವ ಅಭ್ಯಾಸ: ಚೆಂಡಿನ ಪಕ್ಕ ಅದೇ ಇಳಿಜಾರಿನ ಮೇಲೆ ಎರಡು ಮೂರು ಸಲ ಬರಿ ಸ್ವಿಂಗ್ ಮಾಡಿ, ಕ್ಲಬ್ ನೆಲಕ್ಕೆ ಎಲ್ಲಿ ತಾಗುತ್ತದೆಂದು ನೋಡುವುದು. ಹುಲ್ಲು ಸವರಿದ ಜಾಗ ಕಣ್ಣಿಗೆ ಬೀಳುತ್ತದೆ, ನಮ್ಮ ಮಸಾರಿ ನೆಲದಲ್ಲಾದರೆ ಸಣ್ಣಗೆ ಧೂಳು ಏಳುತ್ತದೆ. ಅದು ಬಲಗಾಲಿನ ಕಡೆಗಿದ್ದರೆ ಚೆಂಡು ಸ್ಟಾನ್ಸ್‌ನಲ್ಲಿ, ಅಂದರೆ ನಿಂತ ಕಾಲುಗಳ ನಡುವೆ, ಬಲಕ್ಕೆ ಬರುವಂತೆ ನಿಲ್ಲಿ, ಎಡಗಾಲಿನ ಕಡೆಗಿದ್ದರೆ ಎಡಕ್ಕೆ. ಪುಸ್ತಕದ ಸೂತ್ರ ಮರೆತರೂ ನೆಲವೇ ಉತ್ತರ ಹೇಳುತ್ತದೆ.

ಇನ್ನೊಂದು, ಚೆಂಡಿನ ಹಿಂದೆ ಕ್ಲಬ್ಬನ್ನು ನೆಲಕ್ಕೆ ಒತ್ತಿ ಊರಬೇಡಿ, ಕೂದಲೆಳೆಯಷ್ಟು ಮೇಲೆ ಹಿಡಿಯಿರಿ. ಇಳಿಜಾರಿನ ಚೆಂಡು ಒಂದು ಹುಲ್ಲಿನ ಎಸಳಿನ ಆಸರೆಯಲ್ಲಿ ನಿಂತಿರಬಹುದು.

ಚೆಂಡು ಪಾದಕ್ಕಿಂತ ಮೇಲಿದ್ದಾಗ

ಇಳಿಜಾರಿನಲ್ಲಿ ನಾಲ್ಕು ಬಗೆ: ಚೆಂಡು ಪಾದಕ್ಕಿಂತ ಮೇಲೆ, ಪಾದಕ್ಕಿಂತ ಕೆಳಗೆ, ಏರುಮುಖ, ಇಳಿಮುಖ. ನಾಲ್ಕರಲ್ಲಿ ಇದು ಸುಲಭವೆಂದು ಹೇಳುವವರಿದ್ದಾರೆ. ಹೊಡೆತ ಕೂಡುವುದು ಸುಲಭ, ದಿಕ್ಕು ಉಳಿಸಿಕೊಳ್ಳುವುದು ಕಷ್ಟ.

ಚೆಂಡು ನಿಮಗೆ ಹತ್ತಿರ ಬಂದಿದೆ, ಆದ್ದರಿಂದ ಕ್ಲಬ್ ಚಿಕ್ಕದಾಗಬೇಕು. ಗ್ರಿಪ್ಪನ್ನು ಒಂದರಿಂದ ಎರಡು ಇಂಚು ಕೆಳಗೆ ಹಿಡಿಯಿರಿ. ಓರೆ ಹೆಚ್ಚಿದ್ದರೆ ಗ್ರಿಪ್‌ನ ಕೊನೆ ತುದಿಯವರೆಗೂ ಇಳಿಯಬಹುದು, ಸಂಕೋಚ ಬೇಡ. ಸೊಂಟದಿಂದ ಬಗ್ಗುವುದು ಕಡಿಮೆ ಮಾಡಿ ನೆಟ್ಟಗೆ ನಿಲ್ಲಿ. ನೆಲ ನಿಮ್ಮನ್ನು ಹಿಂದಕ್ಕೆ, ಹಿಮ್ಮಡಿಯ ಮೇಲೆ ತಳ್ಳುತ್ತದೆ. ಅದಕ್ಕೆ ಎದುರಾಗಿ ಭಾರವನ್ನು ಪಾದದ ಮುಂಭಾಗಕ್ಕೆ ತನ್ನಿ. ಚೆಂಡು ಸ್ಟಾನ್ಸ್‌ನ ನಡುವೆ ಇರಲಿ.

ಸ್ವಿಂಗ್ ತಾನಾಗೇ ಚಪ್ಪಟೆಯಾಗುತ್ತದೆ, ಮೈ ಸುತ್ತ ತಿರುಗುತ್ತದೆ. ಮೊಣಕಾಲೆತ್ತರಕ್ಕೆ ಬಂದ ಚೆಂಡಿಗೆ ಕ್ರಿಕೆಟ್‌ನಲ್ಲಿ ಅಡ್ಡಬ್ಯಾಟ್ ಬೀಸಿದಂತೆ. ಅದನ್ನು ಬಿಡಿ, ಮೇಲಿನಿಂದ ಕೆಳಕ್ಕೆ ಕುಟ್ಟಲು ಹೋಗಬೇಡಿ. ಕುಟ್ಟಿದರೆ ಕ್ಲಬ್ ಚೆಂಡಿಗಿಂತ ಮೊದಲು ಏರುನೆಲಕ್ಕೆ ಹೂತುಕೊಳ್ಳುತ್ತದೆ, ಮುಂಗೈ ಜುಮ್ಮೆನ್ನುತ್ತದೆ.

ಚೆಂಡು ಎಡಕ್ಕೆ ಹೊರಡುತ್ತದೆ, ಹೋಗುತ್ತಾ ಇನ್ನಷ್ಟು ಎಡಕ್ಕೆ ಬಾಗುತ್ತದೆ. ಆದ್ದರಿಂದ ಗುರಿ ಬಲಕ್ಕೆ. ವೆಡ್ಜ್‌ಗೆ ಹೆಚ್ಚು, ಉದ್ದನೆ ಐರನ್‌ಗೆ ಸ್ವಲ್ಪ ಕಡಿಮೆ. ನಾನು ಮಾಡುವುದೇನೆಂದರೆ ಗ್ರೀನ್‌ನ ಬಲ ಅಂಚಿನಾಚೆ ಒಂದು ಗಿಡವನ್ನೋ ಕಲ್ಲನ್ನೋ ಗುರಿಯಾಗಿ ಆರಿಸಿ, ಅಲ್ಲಿಗೇ ನೇರ ಹೊಡೆಯುತ್ತೇನೆಂದು ಮನಸ್ಸಿಗೆ ಹೇಳಿಕೊಳ್ಳುವುದು. ‘ಬಲಕ್ಕೆ ನೋಡುತ್ತಾ ಎಡಕ್ಕೆ ಹೊಡೆಯಬೇಕು’ ಎಂದು ಯೋಚಿಸಿದರೆ ಕೈ ನಡುವೆ ಹಟ ಹಿಡಿಯುತ್ತದೆ. ಎಡಗಡೆ ನೀರೋ ಕಂದಕವೋ ಇದ್ದರೆ ಲಾಫ್ಟ್ ಕಡಿಮೆಯ ಕ್ಲಬ್ ತೆಗೆದು ಅರ್ಧ ಸ್ವಿಂಗ್‌ನಲ್ಲಿ ಆಡಿ. ಲಾಫ್ಟ್ ಕಡಿಮೆಯಾದಷ್ಟೂ ಎಡದ ಎಳೆತ ಕಡಿಮೆ ಎಂಬುದನ್ನು ಕಡ್ಡಿಯ ಪರೀಕ್ಷೆಯಲ್ಲಿ ನೋಡಿದ್ದೀರಿ. ಗ್ರಿಪ್ ಕೆಳಗೆ ಹಿಡಿದಿದ್ದರಿಂದ ದೂರ ತುಸು ಕಡಿಮೆಯಾಗುತ್ತದೆ, ಎಡಕ್ಕೆ ಬಾಗಿದ ಚೆಂಡು ನೆಲದ ಮೇಲೆ ಓಡಿ ಅದನ್ನು ತುಂಬಿಕೊಡುತ್ತದೆ. ಗಟ್ಟಿ ನೆಲದಲ್ಲಿ ಒಮ್ಮೊಮ್ಮೆ ಬಡ್ಡಿ ಸಮೇತ.

ಚೆಂಡು ಪಾದಕ್ಕಿಂತ ಕೆಳಗಿದ್ದಾಗ

ಇದು ನಾಲ್ಕರಲ್ಲೇ ಕಠಿಣ. ಹೊಲದ ಒಡ್ಡಿನ ಮೇಲೆ ನಿಂತು ಕೆಳಗಿನ ಸಾಲಿನಲ್ಲಿರುವ ಚೆಂಡನ್ನು ಹೊಡೆಯುವ ಸ್ಥಿತಿ.

ಚೆಂಡಿಗೆ ಸ್ವಲ್ಪ ಹತ್ತಿರ ನಿಲ್ಲಿ. ಗ್ರಿಪ್‌ನ ತುದಿಯನ್ನೇ ಹಿಡಿಯಿರಿ, ಕ್ಲಬ್ಬಿನ ಪೂರ್ತಿ ಉದ್ದ ಬೇಕು. ಕಾಲು ಇನ್ನೂ ಅಗಲಿಸಿ, ಮೊಣಕಾಲು ಬಗ್ಗಿಸಿ, ಸೊಂಟದಿಂದ ಬಾಗಿ, ಕುಂಡಿ ಹಿಂದಕ್ಕೆ ಹೋಗಲಿ. ಭಾರ ಹಿಮ್ಮಡಿಯ ಮೇಲೆ, ಏಕೆಂದರೆ ನೆಲ ನಿಮ್ಮನ್ನು ಮುಂದಕ್ಕೆ ಬೀಳಿಸಲು ನೋಡುತ್ತಿದೆ. ಕೂರುವಾಗ ಬೆನ್ನನ್ನು ಗೂನು ಮಾಡಬೇಡಿ. ಎತ್ತರವನ್ನು ಇಳಿಸಬೇಕಾದ್ದು ಮೊಣಕಾಲು ಮತ್ತು ಸೊಂಟ, ಬೆನ್ನಲ್ಲ.

ಈಗ ಮುಖ್ಯವಾದದ್ದು: ಹೊಡೆದು ಚೆಂಡು ಹೋಗುವವರೆಗೂ ಮೊಣಕಾಲಿನ ಆ ಬಾಗು ಹಾಗೇ ಇರಬೇಕು. ಇಲ್ಲಿ ಕೆಡುವುದು ಎರಡು ಬಗೆಯಲ್ಲಿ. ಡೌನ್‌ಸ್ವಿಂಗ್‌ನಲ್ಲಿ ಮೈ ಎದ್ದರೆ ಕ್ಲಬ್ ಚೆಂಡಿನ ನೆತ್ತಿಗೆ ತಾಗಿ ಚೆಂಡು ನೆಲ ಹಿಡಿದು ಓಡುತ್ತದೆ. ಭಾರ ಬೆರಳಿಗೆ ಬಂದು ಮೈ ಚೆಂಡಿನ ಕಡೆ ವಾಲಿದರೆ ಕ್ಲಬ್ಬಿನ ಕುತ್ತಿಗೆ ಚೆಂಡಿಗೆ ಬಡಿದು ಶ್ಯಾಂಕ್ ಆಗುತ್ತದೆ, ಚೆಂಡು ಬಲಕ್ಕೆ ಅಡ್ಡಡ್ಡ ಹಾರುತ್ತದೆ. ಯಾವುದು ಆಯಿತೆಂದು ನೋಡಿದರೆ ಯಾವುದನ್ನು ತಿದ್ದಬೇಕೆಂದು ಗೊತ್ತಾಗುತ್ತದೆ: ಮೊದಲನೆಯದಕ್ಕೆ ಮೊಣಕಾಲು, ಎರಡನೆಯದಕ್ಕೆ ಹಿಮ್ಮಡಿ. ಎರಡಕ್ಕೂ ಮದ್ದೆಂದರೆ ಕೆಳಮೈ ತಿರುಗಿಸುವುದನ್ನು ಕಡಿಮೆ ಮಾಡಿ, ತೋಳಿನಿಂದ, ಅರ್ಧದಿಂದ ಮುಕ್ಕಾಲು ಸ್ವಿಂಗ್ ಆಡುವುದು. ಹೊಡೆದ ಮೇಲೂ ಎರಡು ಎಣಿಸುವವರೆಗೆ ಕೂತ ಭಂಗಿಯಲ್ಲೇ ಇರುತ್ತೇನೆಂದು ನಿರ್ಧರಿಸಿ ಶುರು ಮಾಡಿ.

ಚೆಂಡು ಬಲಕ್ಕೆ ಹೋಗುತ್ತದೆ, ಗುರಿ ಎಡಕ್ಕೆ ಇಡಿ. ಮೈ ತಿರುಗದ ಕಾರಣ ದೂರವೂ ಕಡಿಮೆ, ಆದ್ದರಿಂದ ಒಂದು ಕ್ಲಬ್ ಹೆಚ್ಚಿಗೆ ತೆಗೆದುಕೊಳ್ಳಿ, ಅಂದರೆ 7 ಐರನ್ ಬದಲು 6 ಐರನ್. ಓರೆ ಬಹಳವಿದ್ದರೆ ಗ್ರೀನ್ ತಲುಪುವ ಯೋಚನೆಯನ್ನೇ ಬಿಟ್ಟು, ಮುಂದಿನ ಶಾಟ್ ಸಪಾಟಾದ ಜಾಗದಿಂದ ಸಿಗುವಂತೆ ಆಡಿ.

ಏರುಮುಖ: ಎಡಗಾಲು ಮೇಲೆ, ಬಲಗಾಲು ಕೆಳಗೆ

ಗುರಿಯ ಕಡೆಗೆ ನೆಲ ಏರುತ್ತಿದೆ. ಭುಜಗಳನ್ನು ನೆಲಕ್ಕೆ ಸಮಾನಾಂತರ ಮಾಡಿ, ಎಂದರೆ ಎಡಭುಜ ಮೇಲೆ, ಬಲಭುಜ ಕೆಳಗೆ. ಹಾಗೆ ಮಾಡಿದ ಕೂಡಲೇ ಭಾರ ಬಲಗಾಲಿಗೆ ಬರುತ್ತದೆ, ಬರಲಿ. ಬಲ ಮೊಣಕಾಲು ಹೊರಕ್ಕೆ ಜಾರದಂತೆ ಒಳಕ್ಕೆ ತುಸು ಒತ್ತಿ ಹಿಡಿಯಿರಿ. ಚೆಂಡು ನಡುವಿಗಿಂತ ಒಂದು ಚೆಂಡಿನಷ್ಟು ಎಡಕ್ಕೆ. ಕ್ಲಬ್ ನೆಲದ ಏರಿನ ಜೊತೆಗೇ ಮೇಲಕ್ಕೆ ಹೋಗಲಿ.

ನೆಲ 5 ಡಿಗ್ರಿ ಏರಿದ್ದರೆ ನಿಮ್ಮ 32 ಡಿಗ್ರಿಯ 7 ಐರನ್ 37 ಡಿಗ್ರಿಯ ಕೆಲಸ ಮಾಡುತ್ತದೆ. ಅಂದರೆ ಅದು ಹೆಚ್ಚೂಕಡಿಮೆ 8 ಐರನ್ ಆಯಿತು. ಐರನ್‌ಗಳ ನಡುವೆ ಲಾಫ್ಟ್ ಅಂತರ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸು ಇರುವುದರಿಂದ, ಪ್ರತಿ ನಾಲ್ಕೈದು ಡಿಗ್ರಿ ಏರಿಗೆ ಒಂದು ಕ್ಲಬ್ ಹೆಚ್ಚು ಎಂಬ ಲೆಕ್ಕ ನಡೆಯುತ್ತದೆ. ಗ್ರೀನ್ ಕೂಡ ಎತ್ತರದಲ್ಲಿದ್ದರೆ ಅದಕ್ಕೆ ಬೇರೆಯೇ ಸೇರಿಸಿ, ನಿಂತ ನೆಲದ ಏರು ಬೇರೆ, ಗುರಿಯ ಎತ್ತರ ಬೇರೆ. ಚೆಂಡು ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುತ್ತದೆ, ಓಡುವುದಿಲ್ಲ. ಸೊಂಟ ಏರಿನ ಎದುರು ತಿರುಗಲಾರದೆ ಕೈ ಮುಂದೆ ಹೋಗುವುದರಿಂದ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಗುರಿಯನ್ನು ತುಸು ಬಲಕ್ಕೆ ಇಟ್ಟರಾಯಿತು.

ಏರು 10 ಡಿಗ್ರಿ ದಾಟಿದರೆ ಭುಜ ಹೊಂದಿಸಿ ನಿಲ್ಲಲು ಆಗುವುದಿಲ್ಲ, ಹಿಂದಕ್ಕೆ ಬೀಳುತ್ತೀರಿ. ಆಗ ನೇರ ನಿಂತು, ಭಾರ ಎಡಗಾಲಿನ ಮೇಲೆ ಹಾಕಿ, ಚೆಂಡಿಗೆ ಗಿಡ್ಡನೆಯ ಪೆಟ್ಟು ಕೊಟ್ಟು ಅಲ್ಲೇ ನಿಲ್ಲಿಸಿ. ಕ್ಲಬ್ ನೆಲಕ್ಕೆ ಕಚ್ಚುತ್ತದೆ, ಫಾಲೋ ಥ್ರೂ ಇರುವುದಿಲ್ಲ, ಅಂಥ ಕಡೆ ಅದೇ ಸರಿ.

ಇಳಿಮುಖ: ಬಲಗಾಲು ಮೇಲೆ, ಎಡಗಾಲು ಕೆಳಗೆ

ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಸಹಜ ಬುದ್ಧಿಯೇ ವೈರಿ. ನೆಲ ಕೆಳಕ್ಕೆ ಹೋಗುತ್ತಿದೆ, ಚೆಂಡು ಮೇಲೇಳಬೇಕು. ಆದ್ದರಿಂದ ಎಲ್ಲರೂ ಹಿಂದಕ್ಕೆ ವಾಲಿ ಚೆಂಡನ್ನು ಎತ್ತಲು ಹೋಗುತ್ತಾರೆ. ಬಲಗಾಲಿನ ಹಿಂದಿನ ನೆಲ ಎತ್ತರದಲ್ಲಿದೆ, ಕ್ಲಬ್ ಮೊದಲು ಅದಕ್ಕೆ ಬಡಿಯುತ್ತದೆ. ಬಡಿಯದೆ ತಪ್ಪಿಸಿಕೊಂಡರೆ ಮೇಲೇಳುತ್ತಾ ಚೆಂಡಿನ ನಡುವಿಗೆ ತಾಗುತ್ತದೆ.

ಮಾಡಬೇಕಾದ್ದು ತದ್ವಿರುದ್ಧ. ಎಡಭುಜವನ್ನು ಇಳಿಸಿ, ಭುಜದ ಗೆರೆ ನೆಲಕ್ಕೆ ಸಮಾನಾಂತರವಾಗಲಿ. ಭಾರದ ಮುಕ್ಕಾಲು ಪಾಲು ಎಡಗಾಲಿನ ಮೇಲೆ, ಸ್ವಿಂಗ್ ಮುಗಿಯುವವರೆಗೂ ಅಲ್ಲೇ. ಬಲಗಾಲನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದರೆ ಮೈ ಸರಾಗವಾಗಿ ತಿರುಗುತ್ತದೆ. ಚೆಂಡು ನಡುವಿಗಿಂತ ಬಲಕ್ಕೆ. ಎಷ್ಟು ಬಲಕ್ಕೆಂದು ಬರಿ ಸ್ವಿಂಗ್‌ನ ಧೂಳು ಹೇಳುತ್ತದೆ.

ಬ್ಯಾಕ್‌ಸ್ವಿಂಗ್‌ನಲ್ಲಿ ಮಣಿಕಟ್ಟು ಬೇಗ ಮಡಚಿ ಕ್ಲಬ್ಬನ್ನು ಕಡಿದಾಗಿ ಎತ್ತಿ, ಇಲ್ಲವಾದರೆ ಹಿಂದಿನ ಏರಿಗೆ ತಾಗುತ್ತದೆ. ಹೊಡೆದ ಮೇಲೆ ಕ್ಲಬ್ಬಿನ ತಲೆ ಇಳಿಜಾರನ್ನು ಹಿಂಬಾಲಿಸಿ ಕೆಳಕ್ಕೆ ಹೋಗಬೇಕು, ಒಂದಡಿಯಾದರೂ ನೆಲದ ಹತ್ತಿರವೇ. ಬಲಗಾಲು ಎದ್ದು ಇಳಿಜಾರಿನಲ್ಲಿ ಒಂದು ಹೆಜ್ಜೆ ಮುಂದೆ ಬಂದರೆ ಬೇಸರವಿಲ್ಲ, ಅದು ಸರಿಯಾಗಿ ಆಡಿದ್ದರ ಗುರುತು. ಹಿಂದಕ್ಕೆ ಹೆಜ್ಜೆ ಹೋದರೆ ಮಾತ್ರ ಮತ್ತೆ ಭಾರದ ಕಡೆ ಗಮನ ಕೊಡಿ.

ಲೆಕ್ಕ ಏರುಮುಖದ್ದು ತಲೆಕೆಳಗು. 7 ಐರನ್ ಇಲ್ಲಿ 6 ಐರನ್ ಆಗುತ್ತದೆ. ಚೆಂಡು ತಗ್ಗಾಗಿ ಹೋಗಿ, ಬಿದ್ದ ಮೇಲೆ ಬಹಳ ಓಡುತ್ತದೆ, ತುಸು ಬಲಕ್ಕೂ ಬಾಗುತ್ತದೆ. ಆದ್ದರಿಂದ ಲಾಫ್ಟ್ ಹೆಚ್ಚಿನ ಕ್ಲಬ್, ತುಸು ಎಡಕ್ಕೆ ಗುರಿ, ಗ್ರೀನ್‌ಗಿಂತ ಮೊದಲೇ ಬೀಳುವ ಹಾಗೆ ಲೆಕ್ಕ. 3 ವುಡ್‌ನಂಥ ಲಾಫ್ಟ್ ಕಡಿಮೆಯ ಕ್ಲಬ್ಬನ್ನು ಇಳಿಮುಖದಲ್ಲಿ ತೆಗೆಯಬೇಡಿ. ವುಡ್ ಮತ್ತು ಐರನ್ ನಡುವಿನ ಜಾತಿಯ ಹೈಬ್ರಿಡ್ ಒಂದಿದ್ದರೆ ಅದು ಸಾಕು.

ಎರಡು ಓರೆ ಸೇರಿದಾಗ

ನಿಜವಾದ ಕೋರ್ಸ್‌ನಲ್ಲಿ ನೆಲ ಹೀಗೆ ನಾಲ್ಕು ಜಾತಿಯಾಗಿ ಬೇರ್ಪಟ್ಟು ಸಿಗುವುದಿಲ್ಲ. ಏರುಮುಖ ಮತ್ತು ಚೆಂಡು ಮೇಲೆ: ಎರಡೂ ಎಡಕ್ಕೆ ಎಳೆಯುತ್ತವೆ, ಗುರಿಯನ್ನು ಧಾರಾಳವಾಗಿ ಬಲಕ್ಕಿಡಿ. ಇಳಿಮುಖ ಮತ್ತು ಚೆಂಡು ಕೆಳಗೆ: ಎರಡೂ ಬಲಕ್ಕೆ, ಜೊತೆಗೆ ಹೊಡೆತ ಕೂಡುವುದೂ ಕಷ್ಟ, ಅಲ್ಲಿ 9 ಐರನ್‌ನಿಂದ ಸುರಕ್ಷಿತ ಜಾಗಕ್ಕೆ ಬರುವುದೇ ಒಳ್ಳೆಯ ಶಾಟ್. ಉಳಿದೆರಡು ಜೋಡಿಗಳಲ್ಲಿ ಎಳೆತಗಳು ಒಂದನ್ನೊಂದು ಕಡಿಮೆ ಮಾಡುತ್ತವೆ, ಗುರಿಯನ್ನು ಹೆಚ್ಚು ಸರಿಸಬೇಕಿಲ್ಲ. ಗೊಂದಲವಾದರೆ ಯಾವ ಓರೆ ಪಾದಕ್ಕೆ ಜೋರಾಗಿ ತಿಳಿಯುತ್ತದೋ ಅದಕ್ಕೆ ಹೊಂದಿಸಿಕೊಳ್ಳಿ.

ಗ್ರೀನ್ ಸುತ್ತಲಿನ ಸಣ್ಣ ಶಾಟ್‌ಗಳಿಗೂ ಇದೇ ತತ್ವ. ಇಳಿಮುಖದಲ್ಲಿ ನಿಂತು ಬಂಕರ್ (ಮರಳಿನ ಗುಂಡಿ) ದಾಟಿಸಬೇಕಿದ್ದರೆ ಅತಿ ಹೆಚ್ಚು ಲಾಫ್ಟ್‌ನ ವೆಡ್ಜ್, ತಗ್ಗಿನ ಫಾಲೋ ಥ್ರೂ, ಚೆಂಡು ಓಡುತ್ತದೆಂಬ ಅರಿವು. ಏರುಮುಖದಲ್ಲಿ ಸ್ಯಾಂಡ್ ವೆಡ್ಜ್ ಬದಲು ಪಿಚಿಂಗ್ ವೆಡ್ಜ್ ಅಥವಾ 9 ಐರನ್ ತೆಗೆದರೆ ಚೆಂಡು ನಡುದಾರಿಯಲ್ಲಿ ನಿಲ್ಲುವುದಿಲ್ಲ.

ನಮ್ಮ ನೆಲ, ನಮ್ಮ ಗಾಳಿ

ಗಾಲ್ಫ್ ಪಾಠಗಳೆಲ್ಲ ಮೆತ್ತನೆಯ ಹಸಿರು ಹುಲ್ಲನ್ನು ಮನಸ್ಸಲ್ಲಿಟ್ಟು ಬರೆದಂಥವು. ನಮ್ಮ ಮಸಾರಿ ಭೂಮಿ ಬೇಸಿಗೆಯಲ್ಲಿ ಸಿಮೆಂಟಿನಂತೆ ಗಟ್ಟಿ, ಮೇಲೆ ಗರಸು ಬೇರೆ. ಸ್ಯಾಂಡ್ ವೆಡ್ಜ್‌ನ ದುಂಡನೆ ತಳ ಅಂಥ ನೆಲಕ್ಕೆ ತಾಗಿ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ, ಇಳಿಮುಖದಲ್ಲಂತೂ ಖಂಡಿತ. ಅಲ್ಲಿ ತಳ ತೆಳ್ಳಗಿರುವ ಪಿಚಿಂಗ್ ವೆಡ್ಜ್ ವಾಸಿ. ಚೆಂಡಿಗೆ ಮೊದಲು ತಾಗಿ ಆಮೇಲೆ ನೆಲ ಸವರುವಂತೆ ಚೆಂಡನ್ನು ಅರ್ಧ ಚೆಂಡಿನಷ್ಟು ಬಲಕ್ಕಿಡಿ. ಬಿದ್ದ ಮೇಲಿನ ಓಟವನ್ನೂ ಇಳಿಜಾರಿನ ಲೆಕ್ಕಕ್ಕೆ ಸೇರಿಸಿ.

ಎರೆ ಭೂಮಿಯ ಗುಣ ಬೇರೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕು, ಅದರಲ್ಲಿ ಕಾಲಿಟ್ಟು ಜೋರಾಗಿ ತಿರುಗಿದರೆ ಪಾದ ಉಳುಕೀತು. ಮಳೆ ಬಿದ್ದರೆ ಬೂಟಿನ ತಳಕ್ಕೆ ಮೆತ್ತಿಕೊಂಡು ಸ್ಪೈಕ್ ಇದ್ದೂ ಇಲ್ಲದಂತಾಗುತ್ತದೆ. ಹಸಿ ಎರೆಯ ಇಳಿಜಾರಿನಲ್ಲಿ ಅಭ್ಯಾಸ ಬೇಡವೇ ಬೇಡ.

ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರು. ಇಳಿಜಾರಿನ ಎಳೆತ ಮತ್ತು ಗಾಳಿ ಒಂದೇ ದಿಕ್ಕಿಗಿದ್ದರೆ ಎರಡನ್ನೂ ಕೂಡಿಸಿ ಗುರಿ ಇಡಿ. ಏರುಮುಖದ ಶಾಟ್ ಎದುರುಗಾಳಿಗೆ ಸಿಕ್ಕರೆ ಎತ್ತರಕ್ಕೆ ಹೋದ ಚೆಂಡು ಅಲ್ಲೇ ನಿಂತಂತಾಗಿ ಬೀಳುತ್ತದೆ, ಇನ್ನೂ ಒಂದು ಕ್ಲಬ್ ಹೆಚ್ಚಿಗೆ ಬೇಕು.

ಎಲ್ಲಿ, ಹೇಗೆ ಅಭ್ಯಾಸ

ಮೊದಲು ಎಲ್ಲಿ ಬೇಡವೆಂಬುದು. ಕೋಟೆ, ಸ್ಮಾರಕಗಳ ಆವರಣ ಬೇಡ, ಬಳ್ಳಾರಿ ಗುಡ್ಡವಿರಲಿ ರಾಯಚೂರು ಕೋಟೆಯಿರಲಿ. ಕಾಲುವೆಯ ಏರಿ ಬೇಡ: ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯಲ್ಲಿ ಜನ. ಗಣಿಯ ಮಣ್ಣು ಸುರಿದ ದಿಬ್ಬ ಖಂಡಿತ ಬೇಡ, ಆ ಮಣ್ಣು ಸಡಿಲ, ಕುಸಿಯುತ್ತದೆ. ಗಟ್ಟಿ ಗಾಲ್ಫ್ ಚೆಂಡು ಬಡಿದರೆ ಮನುಷ್ಯನ ಕಣ್ಣು ಹೋಗುತ್ತದೆ, ದನಕರುವಿಗೂ ಪೆಟ್ಟು. ಕುರಿ ಮೇಯಿಸುವವರು ಬಂಡೆಯ ನೆರಳಿನಲ್ಲಿ ಕೂತಿದ್ದರೆ ದೂರದಿಂದ ಕಾಣುವುದೇ ಇಲ್ಲ. ಆದ್ದರಿಂದ ಕೋರ್ಸ್‌ನ ಹೊರಗೆ ತೂತುಗಳ ಪ್ಲಾಸ್ಟಿಕ್ ಚೆಂಡು ಅಥವಾ ಫೋಮ್ ಚೆಂಡು ಮಾತ್ರ. ಅವು ದೂರ ಹೋಗುವುದಿಲ್ಲ, ಆದರೆ ಹೊಡೆತ ಕೂಡಿತೋ ಇಲ್ಲವೋ, ಯಾವ ಕಡೆ ಹೊರಟಿತು ಎಂಬುದನ್ನು ಚೆನ್ನಾಗಿ ತೋರಿಸುತ್ತವೆ.

ಪರಿಚಯದವರ ಬೀಳು ಹೊಲದ ಒಡ್ಡು, ಮಾಲೀಕರ ಒಪ್ಪಿಗೆ ಇದ್ದರೆ, ನಾಲ್ಕೂ ಬಗೆಗೆ ಸಾಕು. ಒಡ್ಡಿನ ಪಕ್ಕದ ಓರೆಯ ಮೇಲೆ ಒಂದು ಕಡೆಗೆ ಮುಖ ಮಾಡಿದರೆ ಚೆಂಡು ಮೇಲೆ, ತಿರುಗಿ ನಿಂತರೆ ಚೆಂಡು ಕೆಳಗೆ. ಒಡ್ಡಿಗೆ ಅಡ್ಡಲಾಗಿ ಹತ್ತುವ ಕಡೆ ಹೊಡೆದರೆ ಏರುಮುಖ, ಇಳಿಯುವ ಕಡೆಗಾದರೆ ಇಳಿಮುಖ. ಕಲ್ಲು ಆರಿಸಿ ತೆಗೆದು, ಹಳೆಯ ಕಾಯರ್ ಮ್ಯಾಟ್ ಹಾಸಿಕೊಳ್ಳಿ, ಕ್ಲಬ್ಬೂ ಉಳಿಯುತ್ತದೆ, ಮಣಿಕಟ್ಟೂ ಉಳಿಯುತ್ತದೆ. ಹುಲ್ಲು ಪೊದೆ ಇರುವ ಕಡೆ ಕೈ ಹಾಕುವ ಮೊದಲು ಕ್ಲಬ್ಬಿನಿಂದ ಸರಿಸಿ ನೋಡಿ, ನಮ್ಮ ಸೀಮೆಯಲ್ಲಿ ಚೇಳು ಹಾವು ಮಾಮೂಲು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಿವು, ಬೆಳಗ್ಗೆ ಎಂಟರೊಳಗೆ ಮುಗಿಸಿ.

ಕ್ರಮ ಹೀಗಿರಲಿ. ಮೊದಲ ವಾರ ಚೆಂಡೇ ಬೇಡ, ನಾಲ್ಕೂ ಓರೆಯಲ್ಲಿ ಬರಿ ಸ್ವಿಂಗ್, ಧೂಳು ಎಲ್ಲಿ ಏಳುತ್ತದೆಂದು ನೋಡುವುದು, ಹೊಡೆದ ಭಂಗಿಯಲ್ಲೇ ಎರಡು ಎಣಿಸುವವರೆಗೆ ನಿಲ್ಲುವುದು. ಆಮೇಲೆ 9 ಐರನ್ ಮತ್ತು ಪ್ಲಾಸ್ಟಿಕ್ ಚೆಂಡು, ಸೊಂಟದಿಂದ ಸೊಂಟದವರೆಗಿನ ಸಣ್ಣ ಸ್ವಿಂಗ್. ಹತ್ತರಲ್ಲಿ ಏಳು ಸ್ವಚ್ಛವಾಗಿ ಕೂಡುವವರೆಗೆ ಸ್ವಿಂಗ್ ಉದ್ದ ಮಾಡಬೇಡಿ. ಮೂರನೆಯದಾಗಿ ಅದೇ ಓರೆಯಲ್ಲಿ ವೆಡ್ಜ್ ಮತ್ತು 6 ಐರನ್ ಒಂದಾದ ಮೇಲೊಂದು ಹೊಡೆದು, ಹೊರಡುವ ದಿಕ್ಕಿನ ವ್ಯತ್ಯಾಸ ನೋಡಿ. ಕೊನೆಗೆ ಪ್ರತಿ ಚೆಂಡಿಗೂ ಜಾಗ ಬದಲಿಸಿ. ಕೋರ್ಸ್‌ನಲ್ಲಿ ಒಂದೇ ಓರೆ ಎರಡು ಸಲ ಸಿಗುವುದಿಲ್ಲ, ಅಭ್ಯಾಸವೂ ಹಾಗೇ ಇರಬೇಕು. ಚೆಂಡು ಕೆಳಗಿರುವ ಓರೆಗೆ ಉಳಿದವುಗಳ ಎರಡರಷ್ಟು ಸಮಯ ಕೊಡಿ.

ನಿಯಮ ತಿಳಿದಿರಲಿ

ಗಟ್ಟಿಯಾಗಿ ನಿಲ್ಲಲು ಪಾದವನ್ನು ಮಿತವಾಗಿ ನೆಲಕ್ಕೆ ಒತ್ತಿಕೊಳ್ಳಬಹುದು. ಆದರೆ ಕಾಲ ಕೆಳಗೆ ಕಲ್ಲು ಇಟ್ಟೋ ಮಣ್ಣು ಕೆರೆದೋ ಸಪಾಟು ಜಾಗ ಕಟ್ಟಿಕೊಳ್ಳುವಂತಿಲ್ಲ, ಅದಕ್ಕೆ ಎರಡು ಶಾಟ್ ದಂಡ. ಚೆಂಡಿನ ಸುತ್ತಲಿನ ಬಿಡಿ ಕಲ್ಲು, ಒಣ ಎಲೆ ತೆಗೆಯಬಹುದು. ತೆಗೆಯುವಾಗ ಚೆಂಡು ಕದಲಿದರೆ ಒಂದು ಶಾಟ್ ದಂಡ, ಚೆಂಡನ್ನು ಹಳೆಯ ಜಾಗಕ್ಕೆ ಇಡಬೇಕು. ಇಳಿಜಾರಿನಲ್ಲಿ ಚೆಂಡಿಗೆ ಆಸರೆಯಾಗಿರುವ ಕಲ್ಲನ್ನು ಅದಕ್ಕೇ ಮುಟ್ಟಬಾರದು. ನೀವು ಕಾರಣವಲ್ಲದೆ ಚೆಂಡು ಗಾಳಿಗೋ ತಾನಾಗಿಯೋ ಉರುಳಿದರೆ ದಂಡವಿಲ್ಲ, ಹೊಸ ಜಾಗದಿಂದ ಆಡಿ.

ಡ್ರಾಪ್ ಮಾಡಬೇಕಾಗಿ, ಅಂದರೆ ನಿಯಮದಂತೆ ಚೆಂಡನ್ನು ಬೇರೆ ಜಾಗದಲ್ಲಿ ಕೈಯಿಂದ ಬಿಡಬೇಕಾಗಿ ಬಂದರೆ, 2019ರಿಂದ ಮೊಣಕಾಲೆತ್ತರದಿಂದ ಬಿಡಬೇಕು. ನಿಗದಿತ ಜಾಗದಿಂದ ಚೆಂಡು ಎರಡು ಸಲವೂ ಉರುಳಿ ಹೊರಗೆ ಹೋದರೆ, ಎರಡನೇ ಸಲ ನೆಲಕ್ಕೆ ತಾಗಿದ ಕಡೆ ಕೈಯಿಂದ ಇಡಬೇಕು. ಇಳಿಜಾರಿನಲ್ಲಿ ಇದು ಹೆಚ್ಚಾಗಿ ನಮಗೆ ಲಾಭವೇ.

ನಿಂತು ನೋಡಿದಾಗ ಎರಡೂ ಕಾಲು ಜಾರುತ್ತಿದ್ದರೆ, ಚೆಂಡು ಬಂಡೆಯ ಸಂದಿಗೆ ಒರಗಿದ್ದರೆ ಆಡಲೇಬೇಕೆಂಬ ಹಟ ಬೇಡ. ಚೆಂಡು ಆಡಲಾಗದ ಸ್ಥಿತಿಯಲ್ಲಿದೆ ಎಂದು ನೀವೇ ಘೋಷಿಸಬಹುದು, ಯಾರ ಒಪ್ಪಿಗೆಯೂ ಬೇಕಿಲ್ಲ. ನೀರಿನ ಅಥವಾ ಕೆಂಪು, ಹಳದಿ ಗೂಟದ ಪೆನಾಲ್ಟಿ ಏರಿಯಾದೊಳಗೆ ಮಾತ್ರ ಈ ಅವಕಾಶವಿಲ್ಲ. ದಂಡ ಒಂದು ಶಾಟ್. ಹಿಂದಿನ ಶಾಟ್ ಆಡಿದ ಜಾಗಕ್ಕೇ ಹೋಗಿ ಆಡಬಹುದು, ಹೋಲ್ ಮತ್ತು ಚೆಂಡಿನ ನೇರ ಗೆರೆಯಲ್ಲಿ ಎಷ್ಟು ಹಿಂದಕ್ಕಾದರೂ ಹೋಗಿ ಡ್ರಾಪ್ ಮಾಡಬಹುದು, ಇಲ್ಲವೇ ಹೋಲ್‌ಗೆ ಹತ್ತಿರವಾಗದಂತೆ ಎರಡು ಕ್ಲಬ್ ಉದ್ದದೊಳಗೆ ಪಕ್ಕಕ್ಕೆ ಡ್ರಾಪ್ ಮಾಡಬಹುದು. ಮೂರರಲ್ಲಿ ಎರಡನೆಯದನ್ನು ಮೊದಲು ಪರಿಶೀಲಿಸಿ. ಗೆರೆ ಹಿಡಿದು ಹಿಂದೆ ನಡೆದರೆ ಎಲ್ಲಾದರೂ ಒಂದು ಕಡೆ ನೆಲ ಸಪಾಟಾಗುತ್ತದೆ. ಮೂವತ್ತು ಗಜ ಹೆಚ್ಚು ದೂರವಾದರೂ ಅಲ್ಲಿಂದ ನಿಮ್ಮ ಮಾಮೂಲಿ ಸ್ವಿಂಗ್ ಆಡಬಹುದು.